ಸಕ್ಕರೆ ದಿಂಬಿನಲ್ಲಿ ಸಕ್ಕರೆ ಇಲ್ಲ

ಆ ಮನೆಯಲ್ಲಿ ಸಕ್ಕರೆ ದಿಂಬು ಅಂದರೆ ಕುರಿಮರಿಯ ಗಂಟಲ ಕೆಳಗಿನ ಗ್ರಂಥಿ. ಬೆಣ್ಣೆ ಉಂಡೆ ಅಂದರೆ ಮೆದುಳು. ಅಂಜೂರ ಅಂದರೆ ಮೂತ್ರಪಿಂಡ, ಜೇನುಗೂಡು ಅಂದರೆ ಬೋಟಿ. ಇಷ್ಟಕ್ಕೇ ನಿಂತಿದ್ದರೆ ಹೊಸಬರು ಹೇಗೋ ಲೆಕ್ಕ ಹಿಡಿಯುತ್ತಿದ್ದರು. ಆದರೆ ಕೈಮಾ ಅಂದರೆ ಒಣದ್ರಾಕ್ಷಿ, ಬೆಲ್ಲ, ಬ್ರೆಡ್ಡಿನ ಒಣಗಿದ ಅಂಚು ಎಲ್ಲವನ್ನೂ ಒಟ್ಟಿಗೆ ಕೊಚ್ಚಿ ಕಟ್ಟಿದ ಉಂಡೆ. ಅದರಲ್ಲಿ ಮಾಂಸದ ಸುಳಿವೂ ಇರಲಿಲ್ಲ. ಹೀಗೆ ಉಪ್ಪುಖಾರದ್ದಕ್ಕೆಲ್ಲ ಸಿಹಿಯ ಹೆಸರು, ಇದ್ದ ಒಂದೇ ಒಂದು ಸಿಹಿಗೆ ಮಾಂಸದ ಹೆಸರು.

ಈ ಸಿಹಿಯ ಹೆಸರುಗಳನ್ನು ಇಟ್ಟವನು ಆ ಮನೆಯ ಅಜ್ಜಿಯ ಗಂಡ. ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದ ಅವನಿಗೆ, ಅಂಗಡಿಯವರು ಬೇಡವೆಂದು ಬಿಟ್ಟ ಒಳಗಿನ ಭಾಗಗಳನ್ನು ಮನೆಗೊಯ್ಯಲು ಕೊಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿ ಆ ಪೊಟ್ಟಣವನ್ನು ಬಿಚ್ಚಿ ನೋಡಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಿದ್ದಳಂತೆ. ಅವನು ಅವಳನ್ನು ಕೈಹಿಡಿದು ಕರೆತಂದು, "ಇದೇನು ಅಂತ ಯಾಕೆ ನೋಡ್ತೀಯ, ಹೇಗಿದೆ ಅಂತ ನೋಡು. ಪುಟ್ಟ ದಿಂಬಿನ ಥರ ಇಲ್ವಾ?" ಅಂದಿದ್ದ. ಅವಳು ನೋಡಿದಳು. ಇತ್ತು. ಮುಂದಿನ ರಜೆಯ ದಿನ ಮಾಂಸ ಬರಲಿಲ್ಲ. ಅವಳು ಅದೇ ಹಲಗೆಯ ಮೇಲೆ ಅದೇ ಚಾಕುವಿನಲ್ಲಿ ದ್ರಾಕ್ಷಿ ಕೊಚ್ಚಿ ಉಂಡೆ ಕಟ್ಟಿ, "ಇವತ್ತು ಕೈಮಾ" ಎಂದು ಅವನ ಮುಂದಿಟ್ಟಳು. ಅವನು ನಕ್ಕು ನಕ್ಕು ನೀರು ಕುಡಿಯಬೇಕಾಯಿತು. ಗಂಡ ಹೋಗಿ ಬಹಳ ವರ್ಷಗಳಾದವು. ತಮಾಷೆ ಮಾತ್ರ ಉಳಿದು, ಮನೆಯ ಮುಂದಿನ ಕೋಣೆಯಲ್ಲಿ ಊಟದ ಅಂಗಡಿಯಾಗಿ, ಗೋಡೆಯ ಮೇಲೆ ಬೋರ್ಡಾಗಿ, ಮೂರು ತಲೆಮಾರಿಗೆ ಅನ್ನ ಹಾಕಿತು.

ಅಂಗಡಿ ಎಂದರೆ ನಾಲ್ಕು ಮೇಜು, ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ತಟ್ಟೆ ದಾಟಿಸುವಷ್ಟು ಒಂದು ಕಿಂಡಿ. ಹಿಂದಿನ ರಸ್ತೆಯಲ್ಲಿ ಕಚೇರಿಗಳ ಸಾಲು. ಮಧ್ಯಾಹ್ನವಾದರೆ ಗುಮಾಸ್ತರು, ಟೈಪಿಸ್ಟರು, ಮೂಲೆಯ ವಾಚ್ ರಿಪೇರಿಯವರು ಎಲ್ಲ ಬಂದು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಕಿಂಡಿಯ ಒಳಗೆ ಅಜ್ಜಿ, ಹೊರಗೆ ಸೊಸೆ. ಮಗ ಅಪ್ಪನ ಕೆಲಸವನ್ನೇ ಹಿಡಿದು ಕಸಾಯಿಖಾನೆಯಲ್ಲಿ ಒಳಭಾಗ ತೊಳೆಯುವ ವಿಭಾಗದಲ್ಲಿದ್ದ. ಎಲ್ಲರೂ ಚೂಟಿ ಎಂದು ಕರೆಯುವ ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿದ್ದುದರಿಂದ ಬೋರ್ಡಿನ ಕೆಲಸ ಅವಳ ಪಾಲಿಗಿತ್ತು.

ಹೊಸಬರು ಬಂದಾಗ ಹಳಬರಿಗೆ ಹಬ್ಬ. ಹೊಸಬ ಊಟ ಮುಗಿಸಿ, ಬಾಯಿ ಸಿಹಿ ಮಾಡಿಕೊಳ್ಳೋಣವೆಂದು "ಒಂದು ಸಕ್ಕರೆ ದಿಂಬು" ಎನ್ನುತ್ತಿದ್ದ. ಕೋಣೆಗೆ ಕೋಣೆಯೇ ಉಸಿರು ಬಿಗಿಹಿಡಿಯುತ್ತಿತ್ತು. ಕಾಳುಮೆಣಸು ಉದುರಿಸಿ ಹುರಿದ ಬಿಸಿ ತುಂಡು ಅವನ ಮುಂದೆ ಬರುತ್ತಿತ್ತು. ಅವನ ಮುಖ ನೋಡಿ ಎಲ್ಲರೂ ನಗುತ್ತಿದ್ದರು, ಆಮೇಲೆ ಅವನೂ ನಗುತ್ತಿದ್ದ, ಆಮೇಲೆ ಇನ್ನೊಂದು ತಟ್ಟೆ ಹೇಳುತ್ತಿದ್ದ. ಎಷ್ಟೋ ವರ್ಷ ಹೀಗೇ ನಡೆಯಿತು.

ಈ ಸಲ ಬಂದ ಹೊಸ ಗುಮಾಸ್ತ ನಗಲಿಲ್ಲ. ಅವನು ಮಾಂಸ ಮುಟ್ಟುವವನೇ ಅಲ್ಲ. ಬ್ರೆಡ್ಡು, ಬೇಳೆ ಸಾರು ತಿಂದು ಕೊನೆಗೆ ಸಿಹಿ ಎಂದುಕೊಂಡು ಕೇಳಿದ್ದ. ಪೇಪರು ಓದುತ್ತ ಬಾಯಿಗೆ ಹಾಕಿಕೊಂಡ. ಯಾರೋ ತಡೆಯಲಾರದೆ ಹೇಳಿಬಿಟ್ಟರು. ಅವನು ಎದ್ದು ಚರಂಡಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. ತುಂಬ ಹೊತ್ತು ಕೂತಿದ್ದ. ಸೊಸೆ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಒಳಗೆ ನಗು ಒಬ್ಬೊಬ್ಬರದಾಗಿ ಆರಿತು. ಅವನದು ಏನೂ ತಪ್ಪಿರಲಿಲ್ಲ. ಅಜ್ಜಿಯದೂ ಇರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು.

ಮುಂದಿನ ವಾರ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಜೋರು ಮಾಡುವ ಮನುಷ್ಯರಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದರು. ಕೂತು, ಬೋರ್ಡನ್ನು ಮೇಲಿನಿಂದ ಕೆಳಗೆ ಓದಿ, ಒಂದು ಫಾರಂ, ಪೆನ್ನು ತೆಗೆದರು.

"ಅಮ್ಮ, ಈ ಸಕ್ಕರೆ ದಿಂಬಿನಲ್ಲಿ ಸಕ್ಕರೆ ಎಷ್ಟು ಹಾಕ್ತೀರ?"

"ಅದಕ್ಕೆ ಯಾರಾದ್ರೂ ಸಕ್ಕರೆ ಹಾಕ್ತಾರಾ ಸ್ವಾಮಿ! ಹಾಳಾಗಿ ಹೋಗುತ್ತೆ."

"ಅಂಜೂರ?"

"ಅದು ಗುರ್ದ."

"ಸರಿ. ಕೈಮಾ ಯಾವ ಪ್ರಾಣಿದು?"

"ದ್ರಾಕ್ಷಿದು."

ಇನ್‌ಸ್ಪೆಕ್ಟರ್ 'ಪ್ರಾಣಿ' ಎಂಬ ಕಾಲಮ್ಮಿನ ಮುಂದೆ 'ದ್ರಾಕ್ಷಿ' ಎಂದು ಬರೆದು, ಬರೆದದ್ದನ್ನು ನೋಡಿ, ಹೊಡೆದು ಹಾಕಿದರು.

"ನೋಡಿ ಅಮ್ಮ, ಅಡುಗೆಮನೆ ಚೊಕ್ಕಟವಾಗಿದೆ. ರುಚಿಗೆ ನನ್ನ ಆಕ್ಷೇಪಣೆಯೇ ಇಲ್ಲ. ಆದ್ರೆ ಏನು ಮಾರ್ತೀರೋ ಅದರ ಹೆಸರೇ ಬೋರ್ಡಲ್ಲಿ ಇರಬೇಕು. ಯಾವ ಪ್ರಾಣಿ, ಯಾವ ಭಾಗ. ತಿಂಗಳ ಕೊನೇಲಿ ನಿಮ್ಮ ಲೈಸೆನ್ಸು ಹೊಸದಾಗಿ ಆಗಬೇಕು. ಅಷ್ಟರಲ್ಲಿ ಸರಿ ಮಾಡಿಬಿಡಿ. ಇಲ್ದಿದ್ರೆ ನಾನು ಬಾಗಿಲಿಗೆ ಸೀಲ್ ಹಾಕಬೇಕಾಗುತ್ತೆ. ನನಗೂ ಅದು ಇಷ್ಟ ಇಲ್ಲ."

"ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದ್ರೆ ಆಗಲ್ವಾ ಸರ್?" ಎಂದು ಸೊಸೆ ಕೇಳಿದಳು. "ಮೇಲೆ ಸಕ್ಕರೆ ದಿಂಬು ಅಂತ, ಕೆಳಗೆ ಇಂಥದ್ದು ಅಂತ?"

"ಆಗಲ್ಲಮ್ಮ. ಸಕ್ಕರೆ ಇಲ್ದೆ ಸಕ್ಕರೆ ಅನ್ನೋ ಹಾಗಿಲ್ಲ. ಮಾಂಸ ಇಲ್ದೆ ಕೈಮಾ ಅನ್ನೋ ಹಾಗಿಲ್ಲ." ಅವರು ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಮ್ಮ ತಾಯಿ ಕೂಡ ಹೀಗೇ, ಒಂದಕ್ಕೆ ಇನ್ನೊಂದು ಹೆಸರು ಹೇಳಿ ತಿನ್ನಿಸ್ತಿದ್ರು" ಅಂದರು. ಆದರೆ ಅದನ್ನು ಕಾಗದದಲ್ಲಿ ಬರೆಯಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಶುರುವಾಯಿತು.

"ಬೋರ್ಡು ಬದಲಾಯಿಸಿಬಿಡೋಣ ಅತ್ತೆ" ಅಂದಳು ಸೊಸೆ.

"ಯಾಕೆ? ಇಷ್ಟು ದಿನ ಇಲ್ದಿದ್ದ ಕೋಡು ಈಗ ಬಂತಾ?"

"ಸೀಲ್ ಹಾಕ್ತಾರಂತೆ, ಕೇಳಿಸ್ಲಿಲ್ವಾ ನಿಮಗೆ?"

"ಹಾಕ್ಲಿ. ಸೀಲ್ ಹಾಕಿದ ಬಾಗಿಲ ಮುಂದೆ ಒಲೆ ಇಟ್ಕೊಂಡು ಕೂರ್ತೀನಿ."

"ಅಲ್ಲ ಅತ್ತೆ, ಅವನು ಚರಂಡಿ ಪಕ್ಕ ಕೂತಿದ್ದನ್ನ ನೀವು ನೋಡ್ಲಿಲ್ಲ. ನಾನು ನೋಡಿದೆ. ನಾನು ಔಷಧಿ ಅಂಗಡೀಲಿ ಕೆಲಸ ಮಾಡಿದವಳು. ಅಲ್ಲಿ ಶೀಶೆ ಮೇಲೆ ಒಂದು, ಒಳಗೆ ಇನ್ನೊಂದು ಇದ್ರೆ ಜನ ಸಾಯ್ತಾರೆ."

"ನನ್ನ ಕೈಯೂಟ ತಿಂದು ಯಾರೂ ಸತ್ತಿಲ್ಲ. ನಿನ್ನ ಶೀಶೆ ಔಷಧಿ ಕುಡಿದು ಎಷ್ಟು ಜನ ಬದುಕಿದಾರೆ ಅಂತ ನೀನು ಹೇಳು."

"ನೀವೊಬ್ಬರು... ಏನ್ರೀ, ನೀವಾದ್ರೂ ಒಂದು ಮಾತಾಡಿ!"

ಮಗ ಬೆಣ್ಣೆ ಉಂಡೆಯನ್ನು ಬ್ರೆಡ್ಡಿನಲ್ಲಿ ಒತ್ತಿ ತಿನ್ನುತ್ತಿದ್ದ. ಮದುವೆಯಾದಾಗಿನಿಂದ ಅವನಿಗೆ ಗೊತ್ತಿದ್ದ ಒಂದೇ ಉಪಾಯವೆಂದರೆ ಇಂಥ ಹೊತ್ತಿನಲ್ಲಿ ಬಾಯಿ ತುಂಬಿರುವ ಹಾಗೆ ನೋಡಿಕೊಳ್ಳುವುದು. ನುಂಗಿದ ಮೇಲೆ, "ಲೈಸೆನ್ಸು ಹೋದ್ರೆ ಕಷ್ಟ ಅಮ್ಮ" ಎಂದ. ಇನ್ನೊಂದು ತುತ್ತು ಹಾಕಿಕೊಂಡ.

ಅಂಗಡಿ ಹೋದರೆ ಮನೆ ಉಪವಾಸ ಬೀಳುತ್ತಿರಲಿಲ್ಲ; ಮಗನ ಸಂಬಳವಿತ್ತು. ಆದರೆ ಬೆಳಗಾಗೆದ್ದು ಈರುಳ್ಳಿ ಹೆಚ್ಚಲು ಕೂರುವುದು, ಕಿಂಡಿಯಲ್ಲಿ ಬಗ್ಗಿ ಯಾರು ಬಂದರು ಯಾರು ಬರಲಿಲ್ಲ ಎಂದು ನೋಡುವುದು, ತಟ್ಟೆ ಬರಿದಾಗಿ ವಾಪಸು ಬಂದರೆ ಹುಬ್ಬು ಹಾರಿಸುವುದು, ಇವಿಷ್ಟನ್ನು ಬಿಟ್ಟರೆ ಅಜ್ಜಿಗೆ ಬೇರೆ ಬದುಕು ಇರಲಿಲ್ಲ. ಅದು ಮನೆಯವರಿಗೆಲ್ಲ ಗೊತ್ತಿತ್ತು. ಅದನ್ನು ಉಳಿಸುವುದಕ್ಕೆಂದೇ ಸೊಸೆ ಮಾತಾಡುತ್ತಿದ್ದಳು; ಅದನ್ನು ಕಿತ್ತುಕೊಳ್ಳುವುದಕ್ಕೇ ಮಾತಾಡುತ್ತಿದ್ದಾಳೆ ಎಂದು ಅಜ್ಜಿಗೆ ಕೇಳಿಸುತ್ತಿತ್ತು.

ಕೊನೆಗೆ, "ಮಾಡ್ಕೊಳ್ಳಿ. ನಾನು ಒಳಗಿರೋಳು. ಹೊರಗೆ ಗೋಡೆ ಮೇಲೆ ಏನಿದೆ ಅಂತ ನಾನ್ಯಾಕೆ ನೋಡ್ಲಿ" ಎಂದು ಅಜ್ಜಿ ತಟ್ಟೆ ಎತ್ತಿಕೊಂಡು ಹೋದಳು.

ಚೂಟಿ ಬಣ್ಣದ ಡಬ್ಬಿ ತಂದು ಕೂತಳು. ಇವೆಲ್ಲ ಮಾಂಸವೆಂದು ಅವಳಿಗೆ ಗೊತ್ತಿತ್ತು. ಆದರೆ ಹಲ್ಲು ಬರುವ ಮುಂಚಿನಿಂದ ತಿಂದದ್ದನ್ನು ಯಾವ ಮಗುವೂ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಈಗ ಬರೆಯಬೇಕಾಗಿ ಬಂದುದರಿಂದ ಕೇಳಿದಳು.

"ಅಪ್ಪ, ಈ ಸಕ್ಕರೆ ದಿಂಬು ಎಲ್ಲಿರುತ್ತೆ?"

ಮಗ ಕೆಲಸದ ಮನುಷ್ಯ. ವಿವರಿಸಲು ಬಾರದು, ತೋರಿಸಲು ಬರುತ್ತದೆ. ಮಗಳ ಕತ್ತಿನ ಕೆಳಗೆ, ಎರಡು ಮೂಳೆ ಕೂಡುವ ಗುಳಿಯ ಹತ್ತಿರ ತೋರುಬೆರಳನ್ನು ಒತ್ತಿದ. "ಇಲ್ಲಿ, ಇದರೊಳಗೆ. ಮರಿ ಆಗಿದ್ದಾಗ ಮಾತ್ರ ಇರುತ್ತೆ. ದೊಡ್ಡದಾಗ್ತಾ ಆಗ್ತಾ ತಾನೇ ಕರಗಿ ಹೋಗುತ್ತೆ. ಅದಕ್ಕೇ ಮರೀದೇ ಬೇಕು."

"ಕೈ ತೆಗಿ ಅಪ್ಪ."

"ಏನಾಯ್ತು?"

"ತೆಗಿ ಅಂದ್ನಲ್ಲ."

ಅವಳು ಬೋರ್ಡು ಮುಗಿಸಿದಳು. ಅಕ್ಷರ ಎಂದಿಗಿಂತ ಚೆನ್ನಾಗಿ ಬಂದಿತ್ತು. ಕುರಿಮರಿಯ ಗಂಟಲ ಗ್ರಂಥಿ, ಹುರಿದದ್ದು. ಕುರಿಯ ಮೆದುಳು, ಬೆಣ್ಣೆಯಲ್ಲಿ. ಕುರಿಯ ಮೂತ್ರಪಿಂಡ, ಈರುಳ್ಳಿಯೊಂದಿಗೆ. ಕುರಿಯ ಜಠರ, ಸಾರು. ಒಣಹಣ್ಣಿನ ಉಂಡೆ. ಆ ಸಂಜೆಯಿಂದ ಅವಳು ಮನೆಯಲ್ಲಿ ಮೊಟ್ಟೆ, ಬ್ರೆಡ್ಡು ಬಿಟ್ಟು ಬೇರೇನೂ ತಿನ್ನಲಿಲ್ಲ.

"ಏನೇ, ನನ್ನ ಕೈ ಅಡುಗೆ ಕಹಿ ಆಯ್ತಾ?" ಅಂದಳು ಅಜ್ಜಿ.

"ಹಾಗಲ್ಲ ಅಜ್ಜಿ. ಬರೆದ ಮೇಲೆ ಆಗ್ತಾ ಇಲ್ಲ."

"ಅಳಿಸಿಬಿಡು, ಆಗುತ್ತೆ."

ಚೂಟಿ ನಕ್ಕಳು. ಆದರೆ ತಿನ್ನಲಿಲ್ಲ.

ಹೊಸ ಬೋರ್ಡು ಗೋಡೆಗೇರಿದ ದಿನ ಮೊದಲು ಬಂದವರು ವಾಚ್ ರಿಪೇರಿಯವರು. ಬೋರ್ಡಿನ ಕೆಳಗೇ ಅವರ ಕಾಯಂ ಜಾಗ. ಕೂರುವ ಮುಂಚೆ ತಲೆಯೆತ್ತಿ ಓದಿದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡರು.

"ಏನು ಕೊಡ್ಲಿ ಅಣ್ಣ?" ಅಂದಳು ಸೊಸೆ.

"ಒಂದು... ಅದೇ..." ಅವರು ಬೋರ್ಡು ನೋಡಿದರು. ಅಷ್ಟು ವರ್ಷ ದಿನಾ ತಿಂದದ್ದನ್ನು ಏನೆಂದು ಕೇಳಬೇಕೋ ತಿಳಿಯಲಿಲ್ಲ. "ಟೀ ಕೊಡಮ್ಮ."

"ಊಟ?"

"ಯಾಕೋ ಹೊಟ್ಟೆ ಭಾರ."

ಕಿಂಡಿಯಿಂದ ಅಜ್ಜಿಯ ಮುಖ ಹೊರಬಂತು. "ಏನಪ್ಪ, ನಿನಗೆ ಗೊತ್ತಿರಲಿಲ್ವಾ? ಎಷ್ಟು ಜನ ಹೊಸಬರನ್ನ ನೀನೇ ಮುಂದೆ ನಿಂತು ಬಕರಾ ಮಾಡಿಲ್ಲ?"

"ಗೊತ್ತಿತ್ತು ಅಮ್ಮ. ಗೊತ್ತಿಲ್ದೆ ಏನು! ಓದಿರಲಿಲ್ಲ ಅಷ್ಟೇ."

ಹಳೆಯ ಟೈಪಿಸ್ಟ್ ಬಂದು, ಒಂದೊಂದೇ ಸಾಲನ್ನು ತಪ್ಪು ಹುಡುಕುವವನಂತೆ ಓದಿ, 'ಮೂತ್ರಪಿಂಡ'ದ ಹತ್ತಿರ ನಿಂತ. "ಇದನ್ನ ಬೇರೆ ಥರ ಬರೆಯಕ್ಕೆ ಬರ್ತಿರಲಿಲ್ವಾ?" ಎಂದು ಕೇಳಿ, ಬರೀ ಬ್ರೆಡ್ಡು ತಿಂದು ಹೋದ. ಮಾರನೆಯ ದಿನ ಅವನೂ ಬರಲಿಲ್ಲ. ಕಚೇರಿಗಳ ಹೊಸ ಹುಡುಗರು ಬಾಗಿಲವರೆಗೆ ಬಂದು ಬೋರ್ಡಿನ ಫೋಟೋ ಹೊಡೆದುಕೊಂಡು ನಗುತ್ತ ಹೋದರು. ಚರಂಡಿಯ ಹತ್ತಿರ ಕೂತಿದ್ದ ಗುಮಾಸ್ತ ಮಾತ್ರ ಒಂದು ದಿನ ಬಂದು, ಬೋರ್ಡು ಪೂರ್ತಿ ಓದಿ, ಸೊಸೆಗೆ ನಮಸ್ಕಾರ ಹೇಳಿ, ಏನೂ ತಿನ್ನದೆ ಹೋದ.

ಅಂಗಡಿಯಲ್ಲಿ ಉಳಿದದ್ದೆಲ್ಲ ಒಳಗೆ ಬರತೊಡಗಿತು. ಬೆಳಗಿನ ತಿಂಡಿಗೆ ಜೇನುಗೂಡು, ಮಗನ ಬುತ್ತಿಗೆ ಅಂಜೂರ, ರಾತ್ರಿಗೆ ಮತ್ತೆ ಜೇನುಗೂಡು. ಗೋಡೆಯ ಮೇಲೆ ಏನಿದ್ದರೂ ಅಡುಗೆಮನೆಯಲ್ಲಿ ಹಳೆಯ ಹೆಸರುಗಳೇ ನಡೆಯುತ್ತಿದ್ದವು. ಸೊಸೆ ಒಮ್ಮೆ ಬಾಯಿತಪ್ಪಿ "ಆ ಗ್ರಂಥಿ ಇನ್ನೂ ಉಳಿದಿದೆ ಅತ್ತೆ" ಅಂದದ್ದಕ್ಕೆ ಅಜ್ಜಿ ಸೌಟನ್ನು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿದಳು.

"ನನ್ನ ಒಲೆ ಮುಂದೆ ಆ ಮಾತಾಡಬೇಡ."

"ಇರೋದನ್ನ ಇದ್ದ ಹಾಗೆ ಹೇಳಿದ್ರೆ ನಿಮಗ್ಯಾಕೆ ಇಷ್ಟು ಉರಿಯುತ್ತೆ?"

"ಇರೋದನ್ನ ಇದ್ದ ಹಾಗೆ ಹೇಳಿದ್ರೆ ಯಾರೂ ತಿನ್ನಲ್ಲ. ಕೂತು ನೊಣ ಹೊಡೀತಾ ಇದೀಯಲ್ಲ, ಇನ್ನೂ ತಿಳೀಲಿಲ್ವಾ?"

ಸೊಸೆ ಸೋಲುವ ಹೆಣ್ಣಲ್ಲ. ಖಾಲಿ ಮೇಜು ಒರೆಸುತ್ತ ಯೋಚಿಸಿದಳು. ವಾರದ ಕೊನೆಗೆ ಅವಳಿಗೊಂದು ದಾರಿ ಕಂಡಿತು. ಹೆಸರಿಗೆ ತಕ್ಕ ತಿನಿಸು ಇರಬೇಕು ಅಂತ ತಾನೇ ಕಾನೂನು? ತಿನಿಸಿಗೆ ತಕ್ಕ ಹೆಸರಿಟ್ಟು ಕೆಟ್ಟದ್ದಾಯಿತು. ಹೆಸರಿಗೆ ತಕ್ಕ ತಿನಿಸನ್ನೇ ಮಾಡಿದರೆ? ಸಕ್ಕರೆ ದಿಂಬು ಅಂದರೆ ನಿಜವಾಗಿ ಸಕ್ಕರೆಯ ದಿಂಬು. ಬೆಣ್ಣೆ ಉಂಡೆ ಅಂದರೆ ಬೆಣ್ಣೆಯದೇ ಉಂಡೆ. ಅಂಜೂರಕ್ಕೆ ಅಂಜೂರ, ಜೇನುಗೂಡಿಗೆ ಜೇನು. ಹಳೆಯ ಬೋರ್ಡೂ ಉಳಿಯಿತು, ಲೈಸೆನ್ಸೂ ಉಳಿಯಿತು.

ಹಳೆಯ ಬೋರ್ಡು ವಾಪಸು ಬರುತ್ತದೆ ಅನ್ನುವುದೊಂದೇ ಅಜ್ಜಿಯ ಕಿವಿಗೆ ಬಿದ್ದಿತು. "ಮಾಡಿ ನೋಡೋಣ" ಅಂದಳು.

ಅತ್ತೆ ಸೊಸೆ ಒಂದೇ ಒಲೆಯ ಮುಂದೆ ನಿಂತದ್ದು ಆ ಮನೆಯಲ್ಲಿ ಅದೇ ಮೊದಲು. ಅಜ್ಜಿಗೆ ಪಾಕ ಗೊತ್ತಿರಲಿಲ್ಲ. ಎಳೆ ಬರುವ ಮುಂಚೆ ಇಳಿಸಿದರೆ ದಿಂಬು ಕೂರಲಿಲ್ಲ, ಬಂದ ಮೇಲೆ ಇಳಿಸಿದರೆ ಹಲ್ಲು ಮುರಿಯುವ ಕಲ್ಲಾಯಿತು. ಅವಳ ಕೈ ಮಾತಿನ ನಡುವೆ ತಾನಾಗಿ ಕಾಳುಮೆಣಸಿನ ಡಬ್ಬಿಗೆ ಹೋಗುತ್ತಿತ್ತು.

"ಅತ್ತೆ, ಅತ್ತೆ! ಮೆಣಸು ಬೇಡ!"

"ಒಂದು ಚಿಟಿಕೆ ಕಣೆ. ಬರೀ ಸಿಹಿ ಅಂದ್ರೆ ಬಾಯಿಗೆ ಹಿಡಿಯೋದಾದ್ರೂ ಹೇಗೆ?"

"ಸಿಹಿ ಅಂದ್ರೆ ಸಿಹಿ ಅತ್ತೆ."

"ಎಂಥ ಅಡುಗೆಯೋ ಇದು. ಹೆಸರಲ್ಲೇ ಎಲ್ಲಾ ಹೇಳಿಬಿಟ್ಟ ಮೇಲೆ ತಿನ್ನೋದೇನು ಉಳಿಯಿತು?"

ಹಾಗೂ ಹೀಗೂ ಒಂದು ಹದಕ್ಕೆ ಬಂತು. ಚೂಟಿ ಹಳೆಯ ಬೋರ್ಡಿನ ಧೂಳು ಒರೆಸಿ ಏರಿಸಿದಳು. ಕೈಮಾ ಎಂದಿದ್ದ ಸಾಲನ್ನು ಮಾತ್ರ ಬಳಿದು ಒಣಹಣ್ಣಿನ ಉಂಡೆ ಎಂದು ಬರೆದಳು. ದ್ರಾಕ್ಷಿಯನ್ನು ಮಾಂಸ ಮಾಡುವ ವಿದ್ಯೆ ಸೊಸೆಗೂ ಇರಲಿಲ್ಲ. ಬೋರ್ಡು ಮರಳಿದೆ ಅನ್ನುವ ಸುದ್ದಿ ಕಚೇರಿ ಸಾಲಿನ ತುಂಬ ಓಡಿತು. ಮಧ್ಯಾಹ್ನ ನಾಲ್ಕೂ ಮೇಜು ತುಂಬಿದವು. ವಾಚ್ ರಿಪೇರಿಯವರು ಕೈ ಉಜ್ಜಿಕೊಂಡು ಕೂತರು. "ಅಮ್ಮಾ, ಎರಡು ಬೆಣ್ಣೆ ಉಂಡೆ! ಬ್ರೆಡ್ಡು ಚೆನ್ನಾಗಿ ಸುಟ್ಟಿರಲಿ!" ಟೈಪಿಸ್ಟ್ "ನನಗೆ ಅಂಜೂರ, ಈರುಳ್ಳಿ ಜಾಸ್ತಿ" ಎಂದು ಕೂಗಿದ. ಅಜ್ಜಿ ಕಿಂಡಿಯಲ್ಲಿ ಬಗ್ಗಿ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಹುಬ್ಬು ಹಾರಿತು.

ಸೊಸೆ ಬಾಯಿ ತೆರೆಯುವ ಮುಂಚೆ ವಾಚ್ ರಿಪೇರಿಯವರು ಕಚ್ಚಿದರು. ಅಗಿಯುವುದು ನಿಂತಿತು. ಹಿಂದೆ ಹೊಸಬರ ಮುಖದ ಮೇಲೆ ಬರುತ್ತಿದ್ದ ಅದೇ ಬಣ್ಣ ಅವರ ಮುಖಕ್ಕೆ ಬಂತು.

"ಏನಮ್ಮ ಇದು? ಸಿಹಿ ಇದೆ!"

"ಬೆಣ್ಣೆ ಉಂಡೆ ಅಣ್ಣ" ಅಂದಳು ಸೊಸೆ. "ಬೆಣ್ಣೆ, ಸಕ್ಕರೆ. ಬೋರ್ಡಲ್ಲಿ ಇರೋದೇ."

"ಬೋರ್ಡಲ್ಲಿ ಇರೋದೇ ಅಂದ್ರೆ? ನಮ್ಮನ್ನ ಏನು ಅಂದ್ಕೊಂಡಿದೀರ? ಇಷ್ಟು ವರ್ಷದಿಂದ ಬರೋರಿಗೆ ಹೀಗಾ ಮೋಸ ಮಾಡೋದು?"

ಆ ಬೋರ್ಡಿನ ಆಯುಷ್ಯದಲ್ಲಿ ಅದರ ಮೇಲಿದ್ದುದು ಇದ್ದ ಹಾಗೇ ಸಿಕ್ಕಿದ್ದು ಅವತ್ತೇ ಮೊದಲು. ಮೋಸವಾಯಿತೆಂದು ಜನ ಸಿಟ್ಟಾದದ್ದೂ ಅವತ್ತೇ ಮೊದಲು. ಟೈಪಿಸ್ಟ್ ಅಂಜೂರದ ತಟ್ಟೆಯ ಮೇಲೆ ಉದುರಿಸಿಕೊಳ್ಳಲು ಈರುಳ್ಳಿ ಕೈಯಲ್ಲಿ ಹಿಡಿದೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಬೆಂಚುಗಳು ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಊಟದ ಹೊತ್ತಿಗೆ ಬರುವವರಿಗೆ ಬೇಕಾದದ್ದು ಊಟ. ಸಿಹಿ ಬೇಕಾದವರಿಗೆ ಮುಖ್ಯ ರಸ್ತೆಯಲ್ಲಿ ಗಾಜಿನ ಕಪಾಟಿನ ಅಂಗಡಿಗಳು ಸಾಲಾಗಿದ್ದವು, ಪಾಕ ತಿಳಿದವರವು.

ಅವತ್ತಿನ ಜಗಳಕ್ಕೆ ತಲೆಬುಡ ಇರಲಿಲ್ಲ.

"ನಿನ್ನ ಕಾಲ್ಗುಣ! ನಡೀತಾ ಇದ್ದ ಅಂಗಡೀನ ಶೀಶೇಲಿ ತುಂಬಿ ಚೀಟಿ ಅಂಟಿಸಿದೆ!"

"ಅಂಗಡಿ ಉಳಿಸಿದ್ದು ನಾನು ಅತ್ತೆ! ನಾನಿಲ್ದಿದ್ರೆ ಇಷ್ಟು ಹೊತ್ತಿಗೆ ಸೀಲ್ ಬಿದ್ದಿರ್ತಿತ್ತು!"

"ಬಿದ್ದಿದ್ರೆ ಅವರು ಮುಚ್ಚಿಸಿದ್ರು ಅನ್ನಬಹುದಿತ್ತು. ಈಗ ಏನಂತ ಹೇಳ್ಲಿ? ನನ್ನ ಅಡುಗೆ ಯಾರಿಗೂ ಬೇಡ ಅಂತಾನಾ?"

ಸೊಸೆ ಸಿಟ್ಟಿಗೆ ಸಕ್ಕರೆ ದಿಂಬುಗಳ ತಟ್ಟೆಯನ್ನು ಮುಸುರೆ ಬಕೆಟ್ಟಿಗೆ ಸುರಿದಳು. ಮಗ ಎದ್ದು ಬಂದು ಬಕೆಟ್ಟನ್ನು ಹೊರಗಿಟ್ಟು ಬಂದ. ಅವನು ಮಾಡಬಹುದಾದದ್ದು ಅಷ್ಟೇ ಇತ್ತು.

ತಿಂಗಳ ಕೊನೆಗೆ ಇನ್‌ಸ್ಪೆಕ್ಟರ್ ಹೇಳಿದ ಮಾತಿಗೆ ತಪ್ಪದೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಬೋರ್ಡು ಓದಿದರು. ಒಂದು ಬೆಣ್ಣೆ ಉಂಡೆ ತರಿಸಿ, ಮುರಿದು, ಬಾಯಿಗೆ ಹಾಕಿಕೊಂಡು ತಲೆದೂಗಿದರು. "ಈಗ ನೋಡಿ, ಯಾವ ತಕರಾರೂ ಇಲ್ಲ. ಎಷ್ಟು ಸುಲಭ ಇತ್ತು!" ಎಂದು ಲೈಸೆನ್ಸಿಗೆ ಮೊಹರು ಒತ್ತಿದರು. ಖಾಲಿ ಮೇಜುಗಳನ್ನು ನೋಡಿ, "ಇವತ್ತು ರಜೇನಾ?" ಎಂದು ಕೇಳಿದರು.

"ಇಲ್ಲ ಸರ್" ಅಂದಳು ಸೊಸೆ.

"ಹೋ" ಅಂದರು ಅವರು. ಅವರಿಗೂ ಗೊತ್ತಾಯಿತು. ಉಂಡೆಯ ದುಡ್ಡನ್ನು ಬೇಡವೆಂದರೂ ಮೇಜಿನ ಮೇಲಿಟ್ಟು ಹೋದರು.

ಅಂಗಡಿ ಮುಚ್ಚಿದರು. ಸೊಸೆ ತನ್ನ ಹಳೆಯ ಔಷಧಿ ಅಂಗಡಿಗೆ ಹೋಗಿ ಕೆಲಸ ಕೇಳಿದಳು. ಅವರು ಬಾ ಎಂದರು. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮುಂದಿನ ಕೋಣೆಯನ್ನು ಕಾಗದಗಳ ನಕಲು ತೆಗೆಯುವವನೊಬ್ಬ ಬಾಡಿಗೆಗೆ ಹಿಡಿದ. ಮೇಜುಗಳು ಅವನಿಗೇ ಉಪಯೋಗಕ್ಕೆ ಬಂದವು. ಕಿಂಡಿಯಿಂದ ಧೂಳು, ಯಂತ್ರದ ಬಿಸಿಗಾಳಿ ಒಳಗೆ ಬರುತ್ತದೆಂದು ಮಗ ಅದಕ್ಕೊಂದು ಹಲಗೆ ಹೊಡೆದ. ಹೊಡೆಯುವಾಗ ಅಜ್ಜಿ ಪಕ್ಕದಲ್ಲೇ ನಿಂತು ಮೊಳೆ ಕೊಡುತ್ತಿದ್ದಳು. "ಈ ಕಡೆ ಸ್ವಲ್ಪ ಸಂದು ಉಳೀತು ನೋಡು" ಎಂದು ತೋರಿಸಿದಳು ಕೂಡ.

ಅತ್ತೆ ಸೊಸೆಯರ ಜಗಳ ನಿಂತುಹೋಯಿತು. ಸೊಸೆಗೆ ಅದು ಹೆದರಿಕೆ ಹುಟ್ಟಿಸಿತು. ಬೇಕೆಂದೇ ಒಮ್ಮೆ, "ಸಾರಿಗೆ ಉಪ್ಪು ಜಾಸ್ತಿ ಅತ್ತೆ" ಅಂದಳು. ಅಜ್ಜಿ "ಇರಬಹುದು" ಅಂದಳು. ಸೊಸೆ ಮಲಗುವ ಕೋಣೆಗೆ ಹೋಗಿ ಗಂಡನಿಗೆ, "ರೀ, ನಿಮ್ಮಮ್ಮ ನನ್ನ ಬೈತಾನೇ ಇಲ್ಲ" ಎಂದಳು. "ಒಳ್ಳೇದಾಯ್ತಲ್ಲ" ಎಂದು ಅವನು ಮಗ್ಗುಲಾದ. ಆದರೆ ನಿದ್ದೆ ಮಾಡಲಿಲ್ಲ.

ಚೂಟಿಗೆ ಮೊಟ್ಟೆ. ಸೊಸೆ ಬರುವಾಗ ದಾರಿಯಲ್ಲಿ ಏನಾದರೂ ತಿಂದು ಬರುತ್ತಿದ್ದಳು, ಇಲ್ಲವೇ ಹಾಗೆಂದು ಹೇಳುತ್ತಿದ್ದಳು. ಹೀಗಾಗಿ ಅಜ್ಜಿ ಅಡುಗೆ ಮಾಡುವುದು ಒಬ್ಬ ಮಗನಿಗೆ ಎಂದಾಯಿತು. ಅವನೂ ಬರುವಾಗ ಪೊಟ್ಟಣ ತರುವುದನ್ನು ತಪ್ಪಿಸಲಿಲ್ಲ. ತೊಳೆಯುವ ವಿಭಾಗದಲ್ಲಿ ಹಗಲೆಲ್ಲ ಅವನು ಕೈ ಮುಳುಗಿಸುತ್ತಿದ್ದುದು ಇದರಲ್ಲೇ; ಸಂಜೆ ಅದನ್ನೇ ತಿನ್ನಲು ಅವನಿಗೆ ಎಂದೂ ಅಡ್ಡಿಯಾಗಿರಲಿಲ್ಲ.

ಒಂದು ಸಂಜೆ ಕೈಕಾಲು ತೊಳೆದು ಬಂದು ಕೂತ. "ಏನಮ್ಮ ಇವತ್ತು?" ಎಂದ, ದಿನಾ ಕೇಳುವ ಹಾಗೆ.

ಅಜ್ಜಿ ತಟ್ಟೆ ಇಟ್ಟಳು. "ಮೆದುಳು" ಅಂದಳು.

ಮೂಲೆಯಲ್ಲಿ ಪುಸ್ತಕ ಹಿಡಿದಿದ್ದ ಚೂಟಿ ತಲೆಯೆತ್ತಿದಳು. ಆಗಷ್ಟೇ ಬಂದು ಚೀಲ ಇಳಿಸುತ್ತಿದ್ದ ಸೊಸೆ ಹಾಗೇ ನಿಂತಳು. ಮಗ ತಟ್ಟೆಯನ್ನು ನೋಡಿದ. ಅದು ಎಂದಿನ ಹಾಗೇ ಇತ್ತು, ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗಿ, ಅಂಚು ಗರಿಗರಿಯಾಗಿ. ಅವನ ಕೈ ಬ್ರೆಡ್ಡಿನವರೆಗೆ ಹೋಗಿ ಅಲ್ಲೇ ಉಳಿಯಿತು.

"ಏನು ಅಂದೆ?"

"ಏನಿದೆಯೋ ಅದನ್ನೇ ಅಂದೆ. ಇನ್ನೇನು ಅನ್ನಬೇಕು? ತಿನ್ನು, ಆರಿಹೋಗುತ್ತೆ."

"ಹಸಿವಿಲ್ಲ ಅಮ್ಮ. ಆಮೇಲೆ ತಿಂತೀನಿ."

"ಬೆಳಗ್ಗೆಯಿಂದ ನಿಂತು ಕೆಲಸ ಮಾಡಿದೋನಿಗೆ ಹಸಿವಿಲ್ವಾ?"

ಅವನು ತಲೆ ಬಗ್ಗಿಸಿದ. ಆಮೇಲೆ, ಆ ವಯಸ್ಸಿನ ಗಂಡಸು ಕೇಳುವ ಮಾತಲ್ಲ ಅದು, ಹೆಂಡತಿ ಮಗಳ ಮುಂದೆ ಕೇಳಿಬಿಟ್ಟ. "ಬೆಣ್ಣೆ ಉಂಡೆ ಅನ್ನಮ್ಮ. ಒಂದ್ಸಲ."

"ಅಂದ್ರೆ ತಿಂತೀಯಾ?"

"ತಿಂತೀನಿ."

ಅಜ್ಜಿ ಸೊಸೆಯ ಕಡೆ ನೋಡಿದಳು. ಸೊಸೆ ಜೋರಾಗಿ ತಲೆಯಾಡಿಸಿದಳು, ಅನ್ನಿ ಅತ್ತೆ, ಅನ್ನಿ ಎಂಬಂತೆ.

"ಬೆಣ್ಣೆ ಉಂಡೆ" ಅಂದಳು ಅಜ್ಜಿ.

ಮಗ ಒಂದು ತುಂಡು ಮುರಿದು ಬ್ರೆಡ್ಡಿನ ಮೇಲಿಟ್ಟು, ಒತ್ತಿ, ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೂ ಅಗಿದ. ಕೆನ್ನೆಯ ಈ ಕಡೆಯಿಂದ ಆ ಕಡೆಗೆ ಹೋಯಿತು, ಆ ಕಡೆಯಿಂದ ಈ ಕಡೆಗೆ ಬಂತು. ಗಂಟಲಿನ ಕಡೆ ಹೋಗಲಿಲ್ಲ.

"ಉಪ್ಪು ಸರಿಯಿದೆಯಾ?" ಎಂದು ಅಜ್ಜಿ ಕೇಳಿದಳು.

ಅವನು ಸರಿಯಿದೆ ಎಂದು ತಲೆ ಆಡಿಸಿದ. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಬಾಯಿ ಬಿಗಿಹಿಡಿದು ಅವಳು ಅಡುಗೆಮನೆಗೆ ಹೋಗುವುದನ್ನೇ ಕಾಯುತ್ತ ಕೂತ. ಅವಳು ಹೋಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಅವನು ನುಂಗುವುದನ್ನೇ ನೋಡುತ್ತ ಎದುರಿಗೇ ನಿಂತಿದ್ದಳು.